ರಾತ್ರಿ ಪಾಳಿಯ ಅಕ್ಕನಿಗೆ

ರಿಸಲ್ಟ್ ಬಂತು, ಪಾಸಾದೆ. ಬರುವ ಸೋಮವಾರದಿಂದ ಮೈಸೂರಿನಲ್ಲೇ ಇಸಿಜಿ ಟೆಕ್ನಿಷಿಯನ್ ಆಗಿ ಕೆಲಸಕ್ಕೆ ಸೇರುತ್ತಿದ್ದೇನೆ. ಓಲೆ ಅಡವಿಟ್ಟ ಅವ್ವ, ಕಬ್ಬಿನ ಬಟವಾಡೆ ಆಗುವ ಮೊದಲೇ ಫೀಸು ಕಟ್ಟಿದ ಚಿಕ್ಕಪ್ಪ, ಮಂಡ್ಯದ ರೈಲಿನಲ್ಲಿ ದಿನಾ ಸೀಟು ಹಿಡಿದಿಟ್ಟ ಗೆಳತಿಯರು, ಪಾಠ ಹೇಳಿದ ಮೇಷ್ಟ್ರುಗಳು, ಎಲ್ಲರಿಗೂ ಕೈಮುಗಿದು ನಮಸ್ಕಾರ.

ಆದರೆ ಇದನ್ನು ಬರೆಯಲು ಕೂತಿದ್ದು ಒಬ್ಬರಿಗಾಗಿ. ಪೋಸ್ಟಿಂಗ್‌ನಲ್ಲಿ, ಅಂದರೆ ಆಸ್ಪತ್ರೆಯಲ್ಲಿ ಕೆಲಸ ಕಲಿಯುವಾಗ, ರಾತ್ರಿ ಪಾಳಿಗೆ ಜೊತೆಗಿದ್ದ ಹಿರಿಯ ಟೆಕ್ನಿಷಿಯನ್. ಹೆಸರು ಹಾಕಬೇಡ ಅಂದಿದ್ದಾರೆ, ಅಕ್ಕ ಅಂತಲೇ ಬರೆಯುತ್ತೇನೆ.

ಇಸಿಜಿ ತೆಗೆಯಲು ಎದೆಗೆ ಆರು, ಕೈಕಾಲಿಗೆ ನಾಲ್ಕು ಎಲೆಕ್ಟ್ರೋಡ್ ಅಂತ ಕ್ಲಾಸಿನಲ್ಲಿ ಬಾಯಿಪಾಠ ಮಾಡಿದ್ದೆವು. ಪಕ್ಕೆಲುಬು ಎಣಿಸುವುದನ್ನು ಕೈಹಿಡಿದು ಕಲಿಸಿದ್ದು ಅಕ್ಕ. ಕತ್ತಿನ ಕೆಳಗಿನ ಗುಳಿಯಿಂದ ಬೆರಳು ಜಾರಿಸಿದರೆ ಎದೆಮೂಳೆಯ ಮೇಲೊಂದು ಸಣ್ಣ ಉಬ್ಬು ಸಿಗುತ್ತದೆ. ಅದರ ಪಕ್ಕದ್ದು ಎರಡನೇ ಪಕ್ಕೆಲುಬು. ಅಲ್ಲಿಂದ ಇಳಿದು ಪಕ್ಕೆಲುಬುಗಳ ನಾಲ್ಕನೇ ಸಂದಿಗೆ ಬಂದರೆ ಎದೆಯ ಮೊದಲೆರಡು ಎಲೆಕ್ಟ್ರೋಡ್‌ಗಳ ಜಾಗ, ವಿ1, ವಿ2. ಚಳಿಗೆ ನಡುಗುವ ಅಜ್ಜಿಯರಿಗೆ ಮೊದಲು ಕಂಬಳಿ ಹೊದಿಸುತ್ತಿದ್ದರು. ಮೈ ನಡುಗಿದರೆ ಕಾಗದದ ಮೇಲೆ ಮೂಡುವ ಎದೆಬಡಿತದ ಗೆರೆಯೂ ನಡುಗುತ್ತದೆ. "ಎದೆನೋವು ಅಂತ ಬಂದೋರಿಗೆ ಹತ್ತು ನಿಮಿಷದೊಳಗೆ ಇಸಿಜಿ ಆಗ್ಬೇಕು ಕಣಮ್ಮ, ಎರಡನೇ ಸಲ ತೆಗೆಯೋಕೆ ಟೈಮೆಲ್ಲಿದೆ?" ಅನ್ನುತ್ತಿದ್ದರು. ವೈರು ಸಿಕ್ಕಿಸುವ ಕೆಲಸ ತಾನೇ ಅನ್ನುವವರು ಒಂದು ರಾತ್ರಿ ಅಕ್ಕನ ಪಕ್ಕ ನಿಂತು ನೋಡಬೇಕು.

ಆ ರಾತ್ರಿಯ ವಿಷಯ ಹತ್ತಿರದವರಿಗೆ ಗೊತ್ತು, ಪೂರ್ತಿ ಬರೆಯುವುದಿಲ್ಲ. ಡಾಕ್ಟರ ಪ್ರಯತ್ನವೆಲ್ಲ ಮುಗಿದ ಮೇಲೆ, ಸಾವು ಖಚಿತಪಡಿಸಲು ಕೊನೆಯದೊಂದು ಇಸಿಜಿ ತೆಗೆಯಬೇಕಾಯಿತು. ಕಾಗದ ಸೆಕೆಂಡಿಗೆ 25 ಮಿಲಿಮೀಟರಿನಂತೆ ಬರುತ್ತಲೇ ಇತ್ತು, ಗೆರೆ ಏಳಲಿಲ್ಲ. ತೀರಿಕೊಂಡವರಿಗೆ ನಮ್ಮಪ್ಪನ ವಯಸ್ಸು. ನಮ್ಮಪ್ಪನ ಹಾಗೇ ಎಡಗೈಗೆ ಕಪ್ಪು ದಾರ ಕಟ್ಟಿಕೊಂಡಿದ್ದರು. ಬರೆಯುವಾಗ ಈಗಲೂ ಕೈ ನಿಲ್ಲುತ್ತದೆ.

ಅಕ್ಕ ನನ್ನನ್ನು ಹೊರಗೆ ಕಳಿಸಲಿಲ್ಲ. ಹತ್ತಿ ಒದ್ದೆ ಮಾಡಿ ಕೈಗಿತ್ತು, "ಜೆಲ್ ಒರೆಸು, ಮನೆಯವ್ರು ನೋಡೋಕೆ ಬರ್ತಾರೆ" ಅಂದರು. ನಾನು ಎದೆ ಒರೆಸಿದೆ, ಅವರು ಶರ್ಟು ಸರಿಮಾಡಿ ಒಂದೊಂದೇ ಗುಂಡಿ ಹಾಕಿದರು. ಬೆಳಿಗ್ಗೆ ಪಾಳಿ ಮುಗಿದರೂ ಮನೆಗೆ ಹೋಗದೆ ಕ್ಯಾಂಟೀನಿನಲ್ಲಿ ಪಕ್ಕ ಕೂತರು. ಈ ಕೆಲಸ ನನಗೆ ಬೇಡಕ್ಕ ಅಂದೆ. ಬೈಯಲಿಲ್ಲ, ಬುದ್ಧಿಯನ್ನೂ ಹೇಳಲಿಲ್ಲ. "ಮೊದ್ಲು ತಿಂಡಿ ತಿನ್ನು. ಬಿಡೋದಾದ್ರೆ ಹೊಟ್ಟೆ ತುಂಬಿದ್ಮೇಲೆ ಬಿಡು" ಅಂದರು. ರೈಲು ಹತ್ತಿಸಿ, ಮಂಡ್ಯದಲ್ಲಿ ಇಳಿಯುವ ತನಕ ಫೋನಿನಲ್ಲೇ ಇದ್ದರು. ಅವತ್ತು ಅವರ ಮಗನಿಗೆ ಪರೀಕ್ಷೆ ಇತ್ತು ಅನ್ನುವುದು ಎಷ್ಟೋ ದಿನದ ಮೇಲೆ ಬೇರೆಯವರಿಂದ ತಿಳಿಯಿತು.

ಅಕ್ಕ, ಮತ್ತೆ ಪಾಳಿಗೆ ಬಂದೆನಲ್ಲ, ಅದು ನಿಮ್ಮಿಂದ. ಸೋಮವಾರ ಹಾಕಿಕೊಳ್ಳುವ ಕೋಟೂ ನಿಮ್ಮದೇ ಋಣ.

ಈ ವರ್ಷ ಪೋಸ್ಟಿಂಗ್‌ಗೆ ಹೋಗುವ ತಂಗಿಯರೇ, ತಮ್ಮಂದಿರೇ, ನನ್ನ ನೋಟ್ಸು, ಲೀಡ್ ಚಾರ್ಟು ಎಲ್ಲ ಜೋಪಾನವಾಗಿದೆ, ಬೇಕಾದವರು ಕೇಳಿ. ಮೊದಲ ರಾತ್ರಿ ಪಾಳಿ ಇರುವವರು ಹೊತ್ತುಗೊತ್ತು ನೋಡದೆ ಫೋನ್ ಮಾಡಿ, ಎತ್ತುತ್ತೇನೆ.