ಭಾನುವಾರದ ಚರ್ಚೆಗೆ ಮುಂಚೆ ಇದನ್ನು ಓದಿಕೊಳ್ಳಿ

ಎಲ್ಲರಿಗೂ ನಮಸ್ಕಾರ. ಈ ಸಲದ ಕಾದಂಬರಿ ಆಲಿಸ್ ವಾಕರ್ ಅವರ ‘ದಿ ಕಲರ್ ಪರ್ಪಲ್’. 1982ರಲ್ಲಿ ಬಂದದ್ದು, ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಸಿಕ್ಕಿತು. ಕಥೆ ನಡೆಯುವುದು ಅಮೆರಿಕದ ಜಾರ್ಜಿಯಾದಲ್ಲಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಶುರುವಿನ ಪುಟದಲ್ಲೇ ಕಥಾನಾಯಕಿ, 14 ವರ್ಷದ ಸೀಲಿಯ ಮೇಲೆ ಮನೆಯೊಳಗೇ ದೌರ್ಜನ್ಯ ಆಗುತ್ತದೆ. ಓದಲು ಕಷ್ಟವಾದರೆ ಆ ಭಾಗ ಬಿಟ್ಟು ಮುಂದೆ ಹೋಗಿ. ಯಾರೂ ಏನೂ ಅಂದುಕೊಳ್ಳುವುದಿಲ್ಲ.

ಬಾಯಿ ಬಿಡಬೇಡ ಅಂತ ಗದರಿಸಿದ್ದಕ್ಕೆ ಅವಳು ದೇವರಿಗೆ ಕಾಗದ ಬರೆಯುತ್ತಾಳೆ. ತಂಗಿ ನೆಟ್ಟಿ ಬರೆದ ಕಾಗದಗಳನ್ನೋ, ಸೀಲಿಯ ಗಂಡ ವರ್ಷಗಟ್ಟಲೆ ಟ್ರಂಕಿನಲ್ಲಿ ಬಚ್ಚಿಟ್ಟಿರುತ್ತಾನೆ. ಅವು ಕೈಗೆ ಸಿಕ್ಕ ಮೇಲೆ ಬರುವ ಪುಟಗಳನ್ನು ದಯವಿಟ್ಟು ನಿಧಾನವಾಗಿ ಓದಿ. ಸೀಲಿ ಒಂದೇ ದಿನಕ್ಕೆ ಸುಧಾರಿಸಿಕೊಳ್ಳುವುದಿಲ್ಲ. ಕೊಲ್ಲುವಷ್ಟು ಸಿಟ್ಟು ಬರುತ್ತದೆ. ಆಗ ಗೆಳತಿ, ಹಾಡುಗಾರ್ತಿ ಶುಗ್ ಅವಳ ಕೈಗೆ ಸೂಜಿ ಕೊಡುತ್ತಾಳೆ, ಸೀಲಿ ಪ್ಯಾಂಟು ಹೊಲಿಯಲು ಕೂರುತ್ತಾಳೆ. ಮುಂದೆ ಅದೇ ಅವಳ ಸ್ವಂತ ದುಡಿಮೆ. ನನಗೆ ತುಂಬಾ ಇಷ್ಟವಾದ ಭಾಗ ಇದು.

ಚರ್ಚೆಯಲ್ಲಿ ‘ಅವಳು ಆಗಲೇ ಯಾಕೆ ಹೇಳಲಿಲ್ಲ’ ಅಂತ ಕೇಳುವುದು ಬೇಡ. ಕೇಳುತ್ತಾ ಕೂತವರಲ್ಲಿ ಯಾರ ಮನಸ್ಸಿನಲ್ಲಿ ಏನಿದೆಯೋ ಗೊತ್ತಿಲ್ಲ, ಅಲ್ವಾ? ಯಾರಾದರೂ ತಮ್ಮ ವಿಷಯ ಹೇಳಿಕೊಂಡರೆ ಅದು ಗುಂಪಿನ ಆಚೆ ಹೋಗಕೂಡದು. ಸ್ಕ್ರೀನ್‌ಶಾಟ್ ಖಂಡಿತ ಬೇಡ.

ಓದಿದ ಮೇಲೆ ಮನಸ್ಸು ತುಂಬಾ ಕಲಕಿದರೆ ನನಗೆ ಖಾಸಗಿಯಾಗಿ ಮೆಸೇಜ್ ಮಾಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಹಣ ಕೊಡಬೇಕಿಲ್ಲ. ಮಕ್ಕಳ ವಿಷಯವಾದರೆ ಮಕ್ಕಳ ಸಹಾಯವಾಣಿ 1098.