ಆರಡಿಯ ತೊಟ್ಟಿಯನ್ನು ಕೊಳ್ಳುವ ಮೊದಲು: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ನಿನ್ನ ಕಾಗದ ತಲುಪಿತು. ಎರಡಡಿಯ ಗಾಜಿನ ತೊಟ್ಟಿಯಲ್ಲಿ ಮೂರು ವರ್ಷ ಗಪ್ಪಿ ಮೀನುಗಳನ್ನು ಸಾಕಿ, ಅವುಗಳ ಮರಿಗಳು ಬೆಳೆದು ಮತ್ತೆ ಮರಿ ಹಾಕುವುದನ್ನೂ ಕಂಡ ನಿನಗೆ, ಈಗ ಪುತ್ತೂರಿನ ಮನೆಯ ಚಾವಡಿಯಲ್ಲಿ ಆರಡಿ ಉದ್ದದ ತೊಟ್ಟಿಯೊಂದನ್ನು ಇರಿಸಿ ಅದರಲ್ಲಿ ಆಸ್ಕರ್, ಅರೋವಾನಾ, ಡಿಸ್ಕಸ್ ಮೂರನ್ನೂ ಸಾಕಬೇಕೆಂಬ ಆಸೆ ಹುಟ್ಟಿರುವುದನ್ನು ಓದಿ ನನಗೆ ನಿಜವಾಗಿಯೂ ಸಂತೋಷವಾಯಿತು. ಈ ಹವ್ಯಾಸದಲ್ಲಿ ಮುಂದಿನ ಹೆಜ್ಜೆ ಇಡುವ ಕಾಲ ನಿನಗೆ ಬಂದಿದೆ. ಆದರೆ ಆ ಹೆಜ್ಜೆಯನ್ನು ಆರಡಿಯ ಗಾಜಿನಿಂದ ಆರಂಭಿಸಬೇಡ ಎಂದು ಕೇಳಿಕೊಳ್ಳುವುದಕ್ಕಾಗಿಯೇ ಇಷ್ಟು ಉದ್ದದ ಪತ್ರ ಬರೆಯುತ್ತಿದ್ದೇನೆ.

ಮೊದಲು ಭಾರದ ಲೆಕ್ಕ ನೋಡು. ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರವೆಂದರೆ 24 ಘನ ಅಡಿ; ಒಂದು ಘನ ಅಡಿಗೆ 28 ಲೀಟರಿಗಿಂತ ತುಸು ಹೆಚ್ಚು ನೀರು ಹಿಡಿಯುವುದರಿಂದ ನೀರೊಂದೇ ಸುಮಾರು 680 ಕಿಲೋ ತೂಗುತ್ತದೆ. ವಾರಕ್ಕೊಮ್ಮೆ ಅದರ ಕಾಲು ಭಾಗ ಬದಲಿಸುವುದೆಂದರೆ 170 ಲೀಟರ್ ನೀರನ್ನು ಹೊರಗೆ ಚೆಲ್ಲಿ ಅಷ್ಟನ್ನೇ ಮತ್ತೆ ತುಂಬಬೇಕು. ಮಳೆಗಾಲದಲ್ಲೂ, ಮನೆಯಲ್ಲಿ ಮದುವೆಯಿದ್ದಾಗಲೂ, ಜ್ವರ ಬಂದಾಗಲೂ ಇದು ತಪ್ಪುವ ಕೆಲಸವಲ್ಲ. ಇನ್ನು ನೀನು ಹೆಸರಿಸಿದ ಮೀನುಗಳ ವಿಷಯ: ಅಂಗಡಿಯಲ್ಲಿ ಗೇಣುದ್ದ ಕಾಣುವ ಸಿಲ್ವರ್ ಅರೋವಾನಾ ಮೂರಡಿಯವರೆಗೂ ಬೆಳೆಯಬಲ್ಲುದು, ಎರಡಡಿ ಅಗಲದ ತೊಟ್ಟಿಯಲ್ಲಿ ಅದು ಸರಾಗವಾಗಿ ಹೊರಳಲಾರದು. ಆಸ್ಕರ್ ಗಟ್ಟಿ ಸ್ವಭಾವದ, ಹೊಟ್ಟೆಬಾಕ ಮೀನು. ಡಿಸ್ಕಸ್ ಅಂಜುವ ಮೀನು, ಅದಕ್ಕೆ 28ರಿಂದ 30 ಡಿಗ್ರಿ ಬಿಸಿಯಿರುವ, ಸುಣ್ಣದಂಥ ಲವಣ ಕಡಿಮೆಯಿರುವ ಮೆದು ನೀರು ಬೇಕು. ಈ ಮೂರನ್ನು ಒಂದೇ ಕಡೆ ಬಿಟ್ಟರೆ ಒಂದಾದರೂ ನರಳಿಯೇ ತೀರುತ್ತದೆ.

ನಾನು ಇದನ್ನು ಕೇಳಿ ತಿಳಿದು ಹೇಳುತ್ತಿಲ್ಲ. ಇಲ್ಲಿ ಬೆಂಗಳೂರಿನಲ್ಲಿ ನಮ್ಮ ಮನೆಗೆ ಬರುವುದು ಬೋರ್‌ವೆಲ್ಲಿನ ಗಡಸು ನೀರು. ಹಂಡೆಯ ಒಳಗೆಲ್ಲ ಬಿಳಿ ಪದರು ಕಟ್ಟುತ್ತದೆ. ಅಂಥ ನೀರನ್ನು ಆರ್‌ಒ ಯಂತ್ರದಲ್ಲಿ ಶೋಧಿಸಿ, ಸ್ವಲ್ಪ ಮೂಲ ನೀರನ್ನು ಬೆರೆಸಿ, ಆರು ಡಿಸ್ಕಸ್ ಸಾಕಲು ಹೊರಟೆ. ಕೆಲಸದ ಒತ್ತಡದಲ್ಲಿ ಬೆರಕೆಯ ಪ್ರಮಾಣ ಒಂದು ವಾರ ಒಂದು ಬಗೆ, ಮತ್ತೊಂದು ವಾರ ಮತ್ತೊಂದು ಬಗೆಯಾಯಿತು. ಮೀನುಗಳು ಮೊದಲು ಮೈ ಕಪ್ಪಾಗಿಸಿಕೊಂಡು ಮೂಲೆ ಸೇರಿದವು, ಆಮೇಲೆ ಆಹಾರ ಬಿಟ್ಟವು. ಎರಡು ತಿಂಗಳಲ್ಲಿ ನಾಲ್ಕು ಸತ್ತವು. ಉಳಿದ ಎರಡನ್ನು ಅನುಭವವಿದ್ದ ಪರಿಚಿತರೊಬ್ಬರಿಗೆ ಒಪ್ಪಿಸಿದೆ. ಅಂದಿನಿಂದ ನಾನು ನನಗೆ ಹಾಕಿಕೊಂಡಿರುವ ಕಟ್ಟಳೆ ಒಂದೇ: ನಲ್ಲಿಯಲ್ಲಿ ಬರುವ ನೀರನ್ನು ಮೊದಲು ನೋಡಬೇಕು, ಆ ನೀರಿಗೆ ಒಗ್ಗುವ ಮೀನನ್ನು ಆಮೇಲೆ ಆರಿಸಬೇಕು, ತೊಟ್ಟಿಯ ಅಳತೆಯನ್ನು ಕೊನೆಗೆ ತೀರ್ಮಾನಿಸಬೇಕು.

ಹಾಗೆ ಹುಡುಕಿದಾಗ ಸಿಕ್ಕಿದ್ದು ಆರೆಂಜ್ ಕ್ರೋಮೈಡ್. ಮಲಯಾಳಿಗಳು ಪಳ್ಳತ್ತಿ ಎನ್ನುವ, ಅಂಗೈಯೊಳಗೆ ಹಿಡಿಸುವಷ್ಟೇ ಬೆಳೆಯುವ, ಹಳದಿ ಮೈಮೇಲೆ ಕೆಂಪು ಚುಕ್ಕೆಗಳ ಸಾಲಿರುವ ಮೀನು ಅದು. ಸಿಕ್ಲಿಡ್ ಕುಟುಂಬಕ್ಕೆ ಸೇರಿದ ಮೀನುಗಳು ಆಫ್ರಿಕಾ ಮತ್ತು ಅಮೆರಿಕ ಖಂಡಗಳಲ್ಲಿ ನೂರಾರು ಬಗೆಯಿವೆ. ಭಾರತದಲ್ಲಿ ಸಹಜವಾಗಿ ಇರುವುದು ಮೂರೇ. ಒಂದು ಈ ಪಳ್ಳತ್ತಿ, ಇನ್ನೊಂದು ಕೇರಳದವರು ತಮ್ಮ ರಾಜ್ಯದ ಮೀನಾಗಿ ಆರಿಸಿಕೊಂಡ ಕರಿಮೀನ್, ಮೂರನೆಯದು ನಿನ್ನ ಊರಿನದು. ಎಟ್ರೋಪ್ಲಸ್ ಕೆನರೆನ್ಸಿಸ್ ಎಂಬ ಅದರ ಹೆಸರಿನಲ್ಲಿಯೇ ಕೆನರಾ ಇದೆ. ಬ್ರಿಟಿಷ್ ಮೀನುಶಾಸ್ತ್ರಜ್ಞ ಫ್ರಾನ್ಸಿಸ್ ಡೇ 1877ರಲ್ಲಿ ಆ ಹೆಸರಿಟ್ಟ. ಉಪ್ಪಿನಂಗಡಿಯಲ್ಲಿ ಕೂಡುವ ನೇತ್ರಾವತಿ, ಕುಮಾರಧಾರಾ ನದಿಗಳು ಅದರ ನೆಲೆ. ಅದು ಅಳಿವಿನ ಅಂಚಿನಲ್ಲಿರುವ ಮೀನಾದ್ದರಿಂದ ಬಲೆ ಹಿಡಿದು ಹೊಳೆಗೆ ಇಳಿಯುವ ಯೋಚನೆ ನಿನಗೆ ಬಾರದಿರಲಿ. ಅದರ ಹತ್ತಿರದ ಬಂಧುವಾದ, ಸಾಕಣೆ ಕೇಂದ್ರಗಳಲ್ಲೇ ಹುಟ್ಟಿ ಬೆಳೆದು ಮಾರಾಟಕ್ಕೆ ಬರುವ ಪಳ್ಳತ್ತಿಯನ್ನು ಸಾಕು. ಸಾಕುವುದಷ್ಟೇ ಅಲ್ಲ, ಅದರ ಮೊಟ್ಟೆ ಒಡೆಸಿ ಮರಿಗಳನ್ನು ದೊಡ್ಡದು ಮಾಡು. ನಿನಗೆ ನಾನು ಸೂಚಿಸುವ ದೊಡ್ಡ ಕೆಲಸ ಇದು.

ಗಪ್ಪಿ ಮರಿ ಹಾಕಿ ಮರೆತುಬಿಡುತ್ತದೆ, ಕೆಲವೊಮ್ಮೆ ತಾನೇ ತಿಂದುಬಿಡುತ್ತದೆ. ಈ ಮೀನಿನ ರೀತಿ ಬೇರೆ. ನನ್ನ ಜೋಡಿ ಮೊಟ್ಟೆ ಇಟ್ಟದ್ದು ಓರೆಯಾಗಿ ನಿಲ್ಲಿಸಿದ್ದ ಒಂದು ಚಪ್ಪಟೆ ಕಲ್ಲಿನ ಒಳಮೈಗೆ. ಸಾಸಿವೆಗಿಂತ ಸಣ್ಣ ಮೊಟ್ಟೆಗಳು, ಒಂದೊಂದೂ ಒಂದು ಎಳೆಯ ತುದಿಗೆ ತೂಗುಹಾಕಿದಂತೆ ಅಂಟಿಕೊಂಡಿದ್ದವು. ಗಂಡು ಹೆಣ್ಣು ಎರಡೂ ಸರದಿಯಲ್ಲಿ ಎದೆಯ ರೆಕ್ಕೆಗಳಿಂದ ಅವುಗಳಿಗೆ ಗಾಳಿ ಬೀಸಿದವು. ಮೊಟ್ಟೆ ಒಡೆದ ಮೇಲೆ ಮರಳಿನಲ್ಲಿ ಬಾಯಿಂದಲೇ ಗುಂಡಿ ತೋಡಿ, ಮರಿಗಳನ್ನು ಬಾಯಲ್ಲಿ ಎತ್ತಿ ಅದರೊಳಗೆ ಇಳಿಸಿದವು. ಮರಿಗಳು ಈಜತೊಡಗಿದ ದಿನ ನಾನು ರಾತ್ರಿ ಊಟ ಮರೆತು ತೊಟ್ಟಿಯ ಮುಂದೆ ಕುಳಿತಿದ್ದೆ. ಗಾಜಿನಾಚೆ ನನ್ನ ಕೈ ಅಲುಗಿದರೆ ಸಾಕು, ತಾಯಿ ತನ್ನ ಹೊಟ್ಟೆಯ ಕೆಳಗಿನ ಕಪ್ಪು ರೆಕ್ಕೆಗಳನ್ನು ಪಟಪಟನೆ ಬಿಚ್ಚಿ ಮುಚ್ಚುತ್ತಿತ್ತು. ಆ ಸನ್ನೆಗೆ ಮರಿಗಳ ಹಿಂಡು ಒಮ್ಮೆಗೇ ಅದರ ಮೈಗೆ ಒತ್ತಿಕೊಳ್ಳುತ್ತಿತ್ತು. ಆಮೇಲೆ ಒಂದೊಂದೇ ಮರಿ ತಾಯಿಯ ಪಕ್ಕೆಗೆ ಬಾಯಿ ತಾಗಿಸಿ ಸರ್ರನೆ ಹಿಂದೆ ಸರಿಯುತ್ತಿತ್ತು. ಹೆತ್ತವರ ಮೈಯ ಲೋಳೆಯೇ ಆ ಮರಿಗಳ ಆಹಾರದ ಒಂದು ಭಾಗ. ಮರಿಗಳ ಈ ತಾಗಾಟದ ಬಗ್ಗೆ 1967ರಲ್ಲಿಯೇ ವಿಜ್ಞಾನಿಗಳ ಅಧ್ಯಯನ ಪ್ರಕಟವಾಗಿದೆ. ನನಗಂತೂ ಅದನ್ನು ಕಣ್ಣಾರೆ ನೋಡಿದ ಆ ರಾತ್ರಿಗೆ ಸಮನಾದುದು ಈ ಹವ್ಯಾಸದಲ್ಲಿ ಬೇರೆ ಸಿಕ್ಕಿಲ್ಲ.

ಈಗ ನಿನ್ನ ನೀರಿನ ಮಾತಿಗೆ ಬರುತ್ತೇನೆ. ನಿನ್ನ ಬಾವಿ ಮುರಕಲ್ಲಿನದು, ಅಂದರೆ ಜಂಬಿಟ್ಟಿಗೆಯದು. ಅಂಥ ಬಾವಿಯ ನೀರಿನಲ್ಲಿ ಕ್ಲೋರಿನ್ ಇಲ್ಲ, ಅದೊಂದು ಭಾಗ್ಯ. ಆದರೆ ಅದು ಸಾಮಾನ್ಯವಾಗಿ ತೀರ ಮೆದುವಾಗಿ, ಹುಳಿಯ ಕಡೆಗೆ ವಾಲಿರುತ್ತದೆ, ಸುಣ್ಣದ ಅಂಶ ಕಡಿಮೆಯಿರುವುದರಿಂದ ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) ಹಠಾತ್ತನೆ ಇನ್ನೂ ಕುಸಿಯಬಹುದು. ಪಳ್ಳತ್ತಿಗೆ ಹಿನ್ನೀರಿನ ಉಪ್ಪೂ ಒಗ್ಗುತ್ತದೆ, ಸ್ವಲ್ಪ ಗಡಸು ನೀರೇ ಹಿತ. ಇದಕ್ಕೆ ಔಷಧಿಯ ಬಾಟಲಿ ಕೊಳ್ಳಬೇಕಾಗಿಲ್ಲ. ಮರುವಾಯಿ ಸಾರು ಮಾಡಿದ ದಿನ ಉಳಿಯುವ ಚಿಪ್ಪುಗಳನ್ನು ಚೆನ್ನಾಗಿ ಕುದಿಸಿ, ಉಜ್ಜಿ ತೊಳೆದು, ಬಿಸಿಲಿಗೆ ಒಣಗಿಸಿ, ಒಂದೆರಡು ಹಿಡಿಯನ್ನು ಬಲೆಯ ಚೀಲದಲ್ಲಿ ಕಟ್ಟಿ ಫಿಲ್ಟರಿನೊಳಗೆ ಇಡು. ಹುಳಿ ನೀರು ಚಿಪ್ಪಿನ ಸುಣ್ಣವನ್ನು ತಾನಾಗಿಯೇ ನಿಧಾನವಾಗಿ ಕರಗಿಸಿಕೊಳ್ಳುತ್ತದೆ. ಪಿಎಚ್ 7ನ್ನು ದಾಟಿ ನಿಂತಿತೇ ಎಂದು ಹನಿ ಹಾಕಿ ನೋಡುವ ಕಿಟ್ಟಿನಿಂದ ವಾರವಾರವೂ ಪರೀಕ್ಷಿಸು.

ತೊಟ್ಟಿ ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ್ದಿರಲಿ. ಸುಮಾರು 255 ಲೀಟರ್ ನೀರು, 10 ಮಿಲಿಮೀಟರ್ ಗಾಜು, ಮರಳು, ಕಲ್ಲು ಎಲ್ಲ ಸೇರಿ 350 ಕಿಲೋದ ಆಸುಪಾಸು ಬರುತ್ತದೆ. ಅಟ್ಟದ ಮೇಲೆ ಬೇಡ, ಚಾವಡಿಯ ಗೋಡೆಗೆ ಹೊಂದಿಸಿ ನೆಲದ ಮೇಲಿನ ಕಬ್ಬಿಣದ ಸ್ಟ್ಯಾಂಡಿನಲ್ಲಿ ಇರಿಸು, ಗಾಜಿನ ಕೆಳಗೆ ಥರ್ಮಾಕೋಲ್ ಹಾಳೆ ಹಾಸು. ನಿಮ್ಮ ಸೆಕೆಗೆ ಹೀಟರ್ ಬೇಕಾಗಲಾರದು. ಆಷಾಢದ ಗಾಳಿಮಳೆಗೆ ನಿಮ್ಮಲ್ಲಿ ದಿನಗಟ್ಟಲೆ ಕರೆಂಟು ಹೋಗುವುದು ನನಗೆ ಗೊತ್ತಿರುವುದರಿಂದ, ತೊಟ್ಟಿಯ ಹೊರಗೆ ಮುಚ್ಚಿದ ಡಬ್ಬಿಯೊಳಗೆ ನೀರು ಶೋಧಿಸುವ ಕ್ಯಾನಿಸ್ಟರ್ ಫಿಲ್ಟರನ್ನು ನಂಬಬೇಡ. ಗಂಟೆಗಟ್ಟಲೆ ನಿಂತರೆ ಅದರೊಳಗಿನ ಉಪಕಾರಿ ಬ್ಯಾಕ್ಟೀರಿಯಾ ಉಸಿರುಗಟ್ಟಿ ಸಾಯುತ್ತದೆ, ಕರೆಂಟು ಬಂದೊಡನೆ ಆ ಕೊಳಕು ನೀರೆಲ್ಲ ತೊಟ್ಟಿಗೆ ನುಗ್ಗುತ್ತದೆ. ಗಾಳಿಯ ಬಲದಿಂದ ಓಡುವ ಎರಡು ದೊಡ್ಡ ಸ್ಪಂಜ್ ಫಿಲ್ಟರ್ ಹಾಕಿ, ಅವುಗಳ ಏರ್ ಪಂಪನ್ನು ಇನ್ವರ್ಟರಿಗೆ ಜೋಡಿಸಿದರೆ ಸಾಕು.

ತೊಟ್ಟಿ ತುಂಬಿದ ದಿನವೇ ಮೀನು ಬಿಡುವ ಆತುರವನ್ನು ದಯವಿಟ್ಟು ತಡೆದುಕೋ. ಮೀನಿನ ಹೊಲಸಿನಿಂದ ಬರುವ ಅಮೋನಿಯಾವನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಆಗಿಯೂ, ಅದನ್ನು ಮತ್ತೊಂದು ಬಗೆ ನೈಟ್ರೇಟ್ ಆಗಿಯೂ ಮಾರ್ಪಡಿಸಬೇಕು. ಮೊದಲೆರಡೂ ಮೀನಿಗೆ ವಿಷ. ಈ ಬ್ಯಾಕ್ಟೀರಿಯಾ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಅಷ್ಟು ದಿನ, ಕೊಳೆತು ಅಮೋನಿಯಾ ಕೊಡಲೆಂದು ಮೀನಿಲ್ಲದ ತೊಟ್ಟಿಗೆ ದಿನವೂ ಚಿಟಿಕೆ ಮೀನಿನ ಆಹಾರ ಹಾಕುತ್ತ, ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆಗೆ ಇಳಿಯುವವರೆಗೆ ಕಾಯಬೇಕು. ಆಮೇಲೆ ಎಂಟು ಎಳೆಯ ಮೀನುಗಳನ್ನು ಬಿಡು. ಜೋಡಿಯನ್ನು ಅವೇ ಆರಿಸಿಕೊಳ್ಳುತ್ತವೆ. ಜೋಡಿ ಜಾಗ ಹಿಡಿದು ಉಳಿದವುಗಳನ್ನು ಓಡಿಸತೊಡಗಿದಾಗ ಅವುಗಳನ್ನು ನಿನ್ನ ಹಳೆಯ ತೊಟ್ಟಿಗೆ ಸಾಗಿಸು. ಅದಕ್ಕೆ ಮೊದಲು ಗಪ್ಪಿಗಳಿಗೆ ಬೇರೆ ಜಾಗ ಮಾಡಬೇಕು. ಮರಿಗಳಿಗೆ ಲೋಳೆಯ ಜೊತೆಗೆ ಆಗತಾನೆ ಮೊಟ್ಟೆಯೊಡೆದು ಬಂದ ಆರ್ಟೀಮಿಯಾ, ಅಂದರೆ ಉಪ್ಪುನೀರಿನ ಪುಟ್ಟ ಸಿಗಡಿಯ ಮರಿಗಳು ಬೇಕು. ಒಂದು ಲೀಟರ್ ನೀರಿಗೆ ಸುಮಾರು 30 ಗ್ರಾಂ ಕಲ್ಲುಪ್ಪು ಕರಗಿಸಿ, ಅರ್ಧ ಚಮಚ ಆರ್ಟೀಮಿಯಾ ಮೊಟ್ಟೆ ಹಾಕಿ ಜೋರಾಗಿ ಗಾಳಿ ಬಿಟ್ಟರೆ ನಿಮ್ಮೂರಿನ ಬಿಸಿಯಲ್ಲಿ ಒಂದು ದಿನದೊಳಗೆ ಸಿದ್ಧವಾಗುತ್ತದೆ. ಮೊದಲ ಸಲದ ಮೊಟ್ಟೆಗಳನ್ನು ಹೆತ್ತವರೇ ತಿಂದರೆ ಎದೆಗುಂದಬೇಡ, ಎಳೆಯ ಜೋಡಿಗಳು ಹಾಗೆ ಮಾಡುವುದುಂಟು. ನನ್ನ ಜೋಡಿಯ ಮರಿಗಳು ಉಳಿದದ್ದು ಮೂರನೆಯ ಸಲ.

ದೀಪಾವಳಿಯ ಮರುವಾರ ನಾನು ಊರಿಗೆ ಬರುವವನಿದ್ದೇನೆ. ಅಷ್ಟರಲ್ಲಿ ತೊಟ್ಟಿಗೆ ನೀರು ತುಂಬಿಸಿಟ್ಟಿರು. ನನ್ನ ತೊಟ್ಟಿಯಲ್ಲಿ ಎರಡು ವರ್ಷ ಓಡಿದ ಸ್ಪಂಜೊಂದನ್ನು ಅದೇ ನೀರಿನಲ್ಲಿ ಅದ್ದಿ, ಒದ್ದೆ ಆರದಂತೆ ಚೀಲದಲ್ಲಿ ಕಟ್ಟಿ ತರುತ್ತೇನೆ. ಅದರಲ್ಲಿರುವ ಬ್ಯಾಕ್ಟೀರಿಯಾದಿಂದ ನಿನ್ನ ಕಾಯುವಿಕೆಯ ವಾರಗಳು ಕಡಿಮೆಯಾಗುತ್ತವೆ. ರಾತ್ರಿ ಬಸ್ಸು ಬೆಳಿಗ್ಗೆ ಪುತ್ತೂರು ಮುಟ್ಟುತ್ತದೆ. ಬಿಸಿಲೇರುವ ಮೊದಲೇ ಆ ಸ್ಪಂಜ್ ನೀರಿಗೆ ಇಳಿಯಬೇಕಾದ್ದರಿಂದ ನಿಲ್ದಾಣಕ್ಕೆ ನೀನೇ ಬಾ.

ಇಂತು ನಿನ್ನ,
ಗೆಳೆಯ