ಶ್ರದ್ಧಾಂಜಲಿ ಸಭೆಗೆ ತುಸು ತಯಾರಿ ಇರಲಿ

ಮಾನ್ಯರೇ,

2010ರ ಮೇ 22ರಂದು ಮಂಗಳೂರು ಸಮೀಪದ ಕೆಂಜಾರಿನ ವಿಮಾನ ದುರಂತದಲ್ಲಿ 158 ಮಂದಿ ಅಸುನೀಗಿದರು. ಗುರುತು ಸಿಗದ 12 ಮಂದಿಯ ದೇಹಗಳನ್ನು ಮಣ್ಣು ಮಾಡಿದ, ಫಲ್ಗುಣಿ ನದಿ ದಡದ ಜಾಗದಲ್ಲಿ ಈಗ ಸ್ಮಾರಕವಿದೆ. ದೇಶದಲ್ಲಿ ಎಲ್ಲೇ ದುರಂತವಾದರೂ ನಮ್ಮೂರಿನ ಸಂಘ-ಸಂಸ್ಥೆಗಳು ಸಭೆ ಸೇರುತ್ತವೆ. ಮನಸ್ಸು ಒಳ್ಳೆಯದೇ, ತಯಾರಿ ಮಾತ್ರ ಸಾಲದು.

ಮೊದಲು ಮೃತರ ಹೆಸರು ಓದುವ ವಿಷಯ. ಒಂದು ಹೆಸರಿಗೆ ನಾಲ್ಕು ಸೆಕೆಂಡ್ ಕೊಟ್ಟರೂ 158 ಹೆಸರು ಹನ್ನೊಂದು ನಿಮಿಷದೊಳಗೆ ಮುಗಿಯುತ್ತವೆ; ಒಬ್ಬ ಅತಿಥಿಯ ಭಾಷಣಕ್ಕಿಂತ ಕಡಿಮೆ! ಬ್ಯಾರಿ, ಕೊಂಕಣಿ, ತುಳು ಮನೆತನದ ಹೆಸರುಗಳ ಉಚ್ಚಾರ ತಪ್ಪುವುದು ಸುಲಭ. ಓದುವವರು ಹಿಂದಿನ ದಿನವೇ ಗೊತ್ತಿದ್ದವರಲ್ಲಿ ಕೇಳಿ, ಪಟ್ಟಿಯಲ್ಲಿ ಗುರುತು ಹಾಕಿಕೊಳ್ಳಲಿ. ಕುಟುಂಬದವರ ಮುಂದೆ ದಿಢೀರನೆ ಮೈಕ್ ಹಿಡಿಯಬೇಡಿ.

ಮೇಣದಬತ್ತಿ ಕಡಲಗಾಳಿಗೆ ನಿಲ್ಲುವುದಿಲ್ಲ. ಪೇಪರ್ ಕಪ್ ಸಿಕ್ಕಿಸಿದರೆ ಬತ್ತಿ ಸಣ್ಣದಾದಂತೆ ಕಪ್ಪಿಗೇ ಬೆಂಕಿ. ಕರಗಿದ ಮೇಣ ನೆಲಹಾಸಿನ ಮೇಲೆ ಬಿದ್ದು ಕಾಲು ಜಾರುತ್ತದೆ. ಅದರ ಬದಲು ಗಾಜಿನ ಲೋಟದೊಳಗೆ ಎರಡು ಬೆರಳು ಮರಳು ಹಾಕಿ ಗಿಡ್ಡ ಬತ್ತಿ ನೆಟ್ಟು, ಮೇಜಿನ ಮೇಲೆ ಸಾಲಾಗಿಡುವುದು ಲೇಸು. ಪಕ್ಕದಲ್ಲೊಂದು ಬಕೆಟ್ ನೀರೂ ಇರಲಿ.

ಮೌನಾಚರಣೆಗೆ ಒಬ್ಬರು ಗಡಿಯಾರ ನೋಡಲಿ, ಎರಡು ನಿಮಿಷ ಎಂದರೆ ಎರಡೇ ನಿಮಿಷ. ಇನ್ನು ರಾಷ್ಟ್ರಧ್ವಜ: ಸರಕಾರ ಶೋಕ ಘೋಷಿಸದೆ ಅರ್ಧಕ್ಕೆ ಇಳಿಸುವಂತಿಲ್ಲ. ಘೋಷಿಸಿದಾಗಲೂ ನೇರ ಅರ್ಧಕ್ಕೆ ನಿಲ್ಲಿಸುವುದು ತಪ್ಪು. ಮೊದಲು ತುದಿಗೇರಿಸಿ ಆಮೇಲೆ ಇಳಿಸಬೇಕು. ಸಂಜೆ ತೆಗೆಯುವಾಗಲೂ ಮತ್ತೊಮ್ಮೆ ತುದಿ ಮುಟ್ಟಿಸಿಯೇ ಕೆಳಗಿಳಿಸಬೇಕು.

– ಓದುಗರು, ಕೂಳೂರು, ಮಂಗಳೂರು